ಹದಿನಾಲ್ಕನೇ ನಂಬರಿನ ಮನೆ

ಫೆಬ್ರವರಿ 3, ಸೋಮವಾರ

ನರ್ಸಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, ಮುಳ್ಳು ನೋಡಿ ಅವಳು, "ಅಜ್ಜಿ, ಬೈಬೇಕು ಅನ್ಸಿದಾಗ ಬೈಬೇಡಿ, ಬರ್ದಿಡಿ. ನಿಮಗೂ ಒಳ್ಳೇದು, ಊರಿಗೂ ಒಳ್ಳೇದು" ಎಂದಳು. ಇಲ್ಲಿ ಊರೆಲ್ಲಿದೆ? ಮೂವತ್ತೊಂದು ಮನೆ, ಒಂದು ನಲ್ಲಿ, ಬೆಂಕಿ ಆರಿಹೋದ ಒಂದು ಸುಣ್ಣದ ಭಟ್ಟಿ. ಅಷ್ಟೇ. ಸೊಸೆ ಹೊಲಿಗೆ ಕೆಲಸದವಳು. ಅವಳ ಹಳೆಯ ಅಳತೆ ಪುಸ್ತಕದಲ್ಲಿ ಹಿಂದಿನ ಅರ್ಧ ಖಾಲಿ ಇತ್ತು, ಎತ್ತಿಕೊಂಡೆ. ಮುಂದಿನ ಅರ್ಧದಲ್ಲಿ ಭಟ್ಟಿಯ ಹೆಂಗಸರ ಸೊಂಟದ ಸುತ್ತಳತೆ ಇದೆ. ಹಿಂದಿನ ಅರ್ಧದಲ್ಲಿ ಅವರ ಗುಣದ ಅಳತೆ ಬರಲಿ.

ಇವತ್ತು ಬೈಸಿಕೊಳ್ಳಬೇಕಾದವನು ಪಟ್ಟಿ ಗುಮಾಸ್ತ. ಹತ್ತು ಗಂಟೆಯ ಬಸ್ಸಿಗೆ ಬಂದವನು ಅರ್ಧ ಗಂಟೆ ರಸ್ತೆಯಲ್ಲೇ ನಿಂತಿದ್ದನಂತೆ. ಯಾವ ಮನೆಗೂ ಬಾಗಿಲು ಕಾಣಲಿಲ್ಲವಂತೆ. ಹೇಗೆ ಕಂಡೀತು? ಇಲ್ಲಿನ ಮನೆಗಳೆಲ್ಲ ರಸ್ತೆಗೆ ಬೆನ್ನು ಹಾಕಿ, ಭಟ್ಟಿಗೆ ಮುಖ ಮಾಡಿ ಕೂತಿವೆ.

"ಇದೇನಜ್ಜಿ, ಎಲ್ಲಾ ಮನೆಗಳೂ ಮುಖ ತಿರುಗಿಸ್ಕೊಂಡು ಕೂತಿವೆ?"

"ನಿನ್ನಂಥೋರು ಬರ್ತಾರೆ ಅಂತ ಮೊದಲೇ ಗೊತ್ತಿತ್ತು" ಎಂದೆ. ನಕ್ಕ. ನಗುವ ಗುಮಾಸ್ತರನ್ನು ನಾನು ನಂಬುವುದಿಲ್ಲ.

ಅವನು ತಂದ ಸುದ್ದಿ ಇಷ್ಟು. ಹಿಂದಿನ ಗುಡ್ಡವನ್ನು ಸಿಮೆಂಟ್ ಕಾರ್ಖಾನೆಯವರು ಕೇಳಿದ್ದಾರೆ. ಗುಡ್ಡದ ಬುಡದಲ್ಲಿ ಜನವಸತಿ ಇದೆಯೋ ಇಲ್ಲವೋ ಎಂದು ಸರ್ಕಾರ ಹೊಸ ಪಟ್ಟಿ ಮಾಡಿಸುತ್ತಿದೆ. ಪಟ್ಟಿಯಲ್ಲಿ ಸೇರಿದರೆ ಇಲ್ಲಿಯವರನ್ನು ಯಾರೂ ಅಲುಗಾಡಿಸುವ ಹಾಗಿಲ್ಲ. ಸೇರದಿದ್ದರೆ ಇದು 'ತಾತ್ಕಾಲಿಕ ಬಿಡಾರ'. ಬಿಡಾರಕ್ಕೆ ಒಂದು ನೋಟೀಸು, ಅದರ ಹಿಂದೆಯೇ ಜೆಸಿಬಿ. ಪಟ್ಟಿ ಮುಚ್ಚುವುದು ಈ ತಿಂಗಳ ಕೊನೆಗೆ.

"ಯಾಕಪ್ಪ, ಮೂವತ್ತೊಂದು ಮನೆ ನಿನ್ನ ಕಣ್ಣಿಗೆ ಕಾಣಲ್ವಾ?"

"ಕಂಡಿದ್ದನ್ನ ಬರೆಯೋ ಹಾಗಿಲ್ಲ ಅಜ್ಜಿ. ಕಾಗದದಲ್ಲಿ ಇರೋದನ್ನ ಬರೀಬೇಕು. ಮೂವತ್ತು ವರ್ಷ ಹಿಂದಿಂದು ಯಾವುದಾದ್ರೂ ಆಗತ್ತೆ. ಶಾಲೆದು, ಆಸ್ಪತ್ರೆದು, ವೋಟಿಂದು. ಇಲ್ಲಿ ಜನ ಇದ್ರು ಅಂತ ಹೇಳ್ಬೇಕು, ಅಷ್ಟೇ. ಒಂದು ಹತ್ತು ಕಾಗದ ಕೊಡಿ ಸಾಕು."

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲಿನ ಹಳಬರಲ್ಲಿ ಅಕ್ಷರ ಬರುವವಳು ನಾನೊಬ್ಬಳೇ. ಅದೂ ನಾಲ್ಕನೇ ಕ್ಲಾಸು. ಐವತ್ತು ವರ್ಷದಿಂದ ಇವರೆಲ್ಲರ ಅರ್ಜಿ ಬರೆದವಳು ನಾನೇ, ಅದಕ್ಕೇ ನನ್ನನ್ನು 'ಅರ್ಜಿ ಅಜ್ಜಿ' ಅನ್ನುತ್ತಾರೆ. "ಕಾಗದಕ್ಕೇನು ಬರ, ರಾಶಿ ಇದೆ" ಎಂದು ಧೈರ್ಯ ಕೊಟ್ಟೆ.

ನನಗೇನು! ನಾನು ದೊಡ್ಡೂರಿನವಳು. ಇಲ್ಲಿಂದ ನಾಲ್ಕು ಮೈಲಿ. ಐವತ್ತೊಂದು ವರ್ಷದಿಂದ ಇವರ ಮಧ್ಯೆ ಇದ್ದೇನೆ, ಅಷ್ಟು ಮಾತ್ರ.

ಫೆಬ್ರವರಿ 5, ಬುಧವಾರ

ಗುಮಾಸ್ತ ಫೋನು ಮಾಡಿ, ಕಾಗದದ ಜೊತೆಗೆ ಈ ಜಾಗದ ಚರಿತ್ರೆಯೂ ಒಂದು ಪುಟ ಬೇಕು ಎಂದ. ಚರಿತ್ರೆಯಂತೆ! ಕುಂಟ ಮೇಸ್ತ್ರಿಯನ್ನು ಕೂರಿಸಿಕೊಂಡು ಬರೆದೆ. ಭಟ್ಟಿ ಕಟ್ಟಿದ ದಿನದಿಂದ ಇಲ್ಲಿರುವವನು ಅವನೊಬ್ಬನೇ ಉಳಿದಿರುವುದು. ಅವನಿಗೆ ಕಾಲು ಹೋಗಿದೆ, ಬಾಯಿ ಇದೆ.

ಪುಟದಲ್ಲಿ ಬರೆದದ್ದು: ಐವತ್ತೈದು ವರ್ಷದ ಹಿಂದೆ ಒಬ್ಬ ಧಣಿ ಗುಡ್ಡದಲ್ಲಿ ಸುಣ್ಣದ ಕಲ್ಲು ಕಂಡ. ಭಟ್ಟಿ ಕಟ್ಟಿಸಿದ. ಐದು ಜನ ಕೂಲಿಗಳು ಮೊದಲ ವರ್ಷ ಖಾಲಿ ಭಟ್ಟಿಯೊಳಗೇ ಮಲಗಿದರು. ಆಮೇಲೆ ಹೆಂಡಿರು ಬಂದರು, ಮನೆಗಳಾದವು.

ಪುಟದಲ್ಲಿ ಬರೆಯದೆ ಬಿಟ್ಟದ್ದು: ಆ ಐವರಲ್ಲಿ ಒಬ್ಬ ಅಣ್ಣನ ತಲೆ ಒಡೆದು ಓಡಿಬಂದವನು. ಇನ್ನೊಬ್ಬ ಎರಡು ಮದುವೆ ಮಾಡಿಕೊಂಡು ಎರಡನ್ನೂ ಬಿಟ್ಟು ಬಂದವನು. ಆಮೇಲೆ ಬಂದವರೂ ಹಾಗೆಯೇ, ಯಾವುದೋ ಊರಿಗೆ ಬೇಡವಾದವರು. 'ನೀನು ಎಲ್ಲಿಯವನು' ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ಕೇಳಿದರೆ ತನ್ನದನ್ನೂ ಹೇಳಬೇಕಾಗುತ್ತಿತ್ತಲ್ಲ! ಹೊಸಬರು ಬಂದರೆ ಪ್ರತಿ ಮನೆಯವರೂ ಭಟ್ಟಿಯ ಒಳಗೋಡೆಯಿಂದ ಉದುರಿದ ಇಟ್ಟಿಗೆಗಳಲ್ಲಿ ನಾಲ್ಕನ್ನು ತಂದು ಅವರ ಮುಂದೆ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದರು. ಬಾ, ಕಟ್ಟಿಕೋ, ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ಅದಕ್ಕೇ ಇಲ್ಲಿನ ಗೋಡೆಗಳು ಒಂದು ಕಡೆ ಕೆಂಪು, ಒಂದು ಕಡೆ ಸುಟ್ಟ ಕಪ್ಪು.

ನನ್ನ ಗಂಡ ಭಟ್ಟಿಯ ಬೆಂಕಿ ನೋಡುವವನಾಗಿದ್ದ. ಒಂದು ಹಾಸು ಕಲ್ಲು, ಒಂದು ಹಾಸು ಇದ್ದಿಲು, ಹೀಗೆ ತುಂಬಿ ಮೂರು ದಿನ ಉರಿಸಬೇಕು. ಕಲ್ಲು ಬೆಂದದ್ದು ಬಣ್ಣದಿಂದಲೇ ತಿಳಿಯಬೇಕು. ಬಣ್ಣ ಬಂದಾಗ ಅವನು ಒಂದು ಕೂಗು ಹಾಕಿದರೆ ಎಲ್ಲ ಮನೆಯಿಂದಲೂ ಜನ ಸಲಿಕೆ ಹಿಡಿದು ಓಡಬೇಕು. ಬಾಗಿಲುಗಳೆಲ್ಲ ಭಟ್ಟಿಯ ಕಡೆಗಿರುವುದು ಆ ಕೂಗಿಗಾಗಿ, ಗುಮಾಸ್ತ ಅಂದುಕೊಂಡ ಹಾಗೆ ಸೊಕ್ಕಿನಿಂದಲ್ಲ. ಸೊಕ್ಕೂ ಇದೆ ಅನ್ನಿ.

ಸಿಮೆಂಟು ಬಂತು, ಸುಣ್ಣ ಯಾರಿಗೂ ಬೇಡವಾಯಿತು. ಒಂದು ಬೆಳಿಗ್ಗೆ ಧಣಿ ಹೇಳದೆ ಕೇಳದೆ ಬೀಗ ಹಾಕಿ ಹೋದ. ಯಾರೂ ಇಲ್ಲಿಂದ ಕದಲಲಿಲ್ಲ. ಹೋಗಲು ಇನ್ನೊಂದು ಊರಿದ್ದರೆ ತಾನೆ.

"ಚೆನ್ನಾಗಿ ಬರ್ದಿದೀಯ ಕಣಮ್ಮ. ಓದಿದ್ರೆ ನಾವು ಯಾರೋ ಮರ್ಯಾದಸ್ಥರು ಅನ್ಸತ್ತೆ" ಎಂದ ಮೇಸ್ತ್ರಿ.

ಫೆಬ್ರವರಿ 8, ಶನಿವಾರ

ಇವತ್ತು ಕಾಗದದ ದಿನ. ಡಬ್ಬಿ, ಹಾಸಿಗೆಯಡಿ, ಗೋಡೆಯ ಸಂದಿ ಎಲ್ಲ ಹುಡುಕಿ ಜನ ಕಾಗದ ತಂದರು. ಶಾಲೆಯ ಸರ್ಟಿಫಿಕೇಟು, ಹೆರಿಗೆ ಚೀಟಿ, ವೋಟಿನ ಕಾರ್ಡು, ಸತ್ತವರ ದಾಖಲೆ. ಗುಮಾಸ್ತ ನಮ್ಮ ಜಗುಲಿಯಲ್ಲಿ ಕೂತು ಒಂದೊಂದಾಗಿ ಬಿಡಿಸಿದ. ಮೊದಲು ಮುಗುಳ್ನಗುತ್ತಿದ್ದ. ಇಪ್ಪತ್ತು ಕಾಗದ ಆದ ಮೇಲೆ ನಗು ನಿಂತಿತು. ಐವತ್ತು ಆದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಅಜ್ಜಿ, ಎಲ್ಲಾದ್ರಲ್ಲೂ ಒಂದೇ ವಿಳಾಸ ಇದೆಯಲ್ಲ? ದೊಡ್ಡೂರು, ಪೇಟೆ ಬೀದಿ, ಮನೆ ನಂಬರು ಹದಿನಾಲ್ಕು."

ಇನ್ನೊಂದನ್ನು ಬಿಡಿಸಿದ. ಅದರಲ್ಲೂ ಅದೇ.

"ಒಂದೇ ಮನೇಲಿ ನೂರ ನಲವತ್ತಾರು ಜನ! ಏನಜ್ಜಿ ಅದು, ಮನೆನೋ ರೈಲು ಸ್ಟೇಷನ್ನೋ?"

"ಮೂರು ಕೋಣೆ ಇದೆ, ಹಿತ್ತಿಲೂ ದೊಡ್ಡದು" ಎಂದೆ. ಯಾಕೆ ಹಾಗಂದೆನೋ. ಒಬ್ಬರೂ ನಗಲಿಲ್ಲ.

ಈ ಜಾಗದ ಹೆಸರು ಹೇಳುವ ಒಂದೇ ಒಂದು ತುಂಡು ಕಾಗದ ಆ ರಾಶಿಯಲ್ಲಿ ಇರಲಿಲ್ಲ. ಇಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ಎಲ್ಲರೂ ಹದಿನಾಲ್ಕನೇ ನಂಬರಿನಲ್ಲೇ ಹುಟ್ಟಿ ಅಲ್ಲೇ ಸತ್ತಿದ್ದಾರೆ. ಎಲ್ಲದರ ಹಿಂದಿನ ಅರ್ಜಿಯೂ ನನ್ನ ಕೈಬರಹ. ಗುಂಡಗೆ, ಚೊಕ್ಕವಾಗಿ, ಒಂದು ಚಿತ್ತಿಲ್ಲ.

ಫೆಬ್ರವರಿ 9, ಭಾನುವಾರ

ಬರೆದು ಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ.

ಹದಿನಾಲ್ಕನೇ ನಂಬರು ನನ್ನ ಅಪ್ಪನ ಮನೆ. ಅಪ್ಪ ಬಟ್ಟೆ ವ್ಯಾಪಾರಿ. ಒಂದು ವರ್ಷ ಮನೆಗೆ ಸುಣ್ಣ ಹೊಡೆಯಲು ಭಟ್ಟಿಯಿಂದ ಒಬ್ಬ ಬಂದ. ನಾಲ್ಕು ದಿನದ ಕೆಲಸವನ್ನು ಎಂಟು ದಿನ ಮಾಡಿದ. ಒಂಬತ್ತನೇ ದಿನ ನಾನು ಅವನ ಹಿಂದೆ ಹೊರಟೆ. ಇಪ್ಪತ್ತು ವರ್ಷ, ತಲೆಯಲ್ಲಿ ಗಾಳಿ.

ಮಗ ಹುಟ್ಟಿ ಆರು ತಿಂಗಳಾದಾಗ ಎತ್ತಿಕೊಂಡು ತೋರಿಸಲು ಹೋದೆ. ಅಪ್ಪ ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದಲೇ, "ಈ ಮನೇಲಿ ನಿನಗೂ ಜಾಗ ಇಲ್ಲ, ನಿನ್ನ ಸುಣ್ಣದವರಿಗೂ ಜಾಗ ಇಲ್ಲ" ಎಂದ. ಬೀದಿಯವರೆಲ್ಲ ನೋಡುತ್ತಿದ್ದರು. ಅಣ್ಣ ಅವನ ಹಿಂದೆ ನಿಂತಿದ್ದ, ಕಂಬದ ಹಾಗೆ.

ಮಗನನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ನಿಜವನ್ನೇ ಬರೆದಿದ್ದೆ: ಸುಣ್ಣದ ಭಟ್ಟಿ. ದೊಡ್ಡೂರಿನ ಹೆಡ್‌ಮಾಸ್ಟರ್ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟ. "ಭಟ್ಟೀಲಿ ಸುಣ್ಣ ಇರತ್ತಮ್ಮ, ಜನ ಇರಲ್ಲ. ಯಾವುದಾದ್ರೂ ಊರಿನ ವಿಳಾಸ ಬರಿ." ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ನನಗೆ ಗೊತ್ತಿದ್ದ ಊರಿನ ವಿಳಾಸ ಒಂದೇ. ಮರುಮಾತಿಲ್ಲದೆ ಸೇರಿಸಿಕೊಂಡ.

ಮುಂದಿನ ವರ್ಷ ಮೇಸ್ತ್ರಿಯ ಮಗಳದ್ದು. ಆಮೇಲೆ ಇನ್ನೊಬ್ಬರದ್ದು. ಬೇರೆ ನಂಬರು ಬರೆಯಬಹುದಿತ್ತು. ಪೇಟೆ ಬೀದಿಯಲ್ಲಿ ಅರವತ್ತು ಮನೆಗಳಿದ್ದವು. ನಾನು ಹದಿನಾಲ್ಕನ್ನೇ ಬರೆದೆ. ಪ್ರತಿ ಸಲ ಬರೆದಾಗಲೂ ಅಪ್ಪನ ನಡುಮನೆಗೆ ಇನ್ನೊಬ್ಬ ಸುಣ್ಣದವನನ್ನು ಕಾಲು ತೊಳೆಸದೆ ನುಗ್ಗಿಸಿದ ಹಾಗೆ ಆಗುತ್ತಿತ್ತು. ಜಾಗ ಇಲ್ಲ ಎಂದೆಯಲ್ಲ, ತಗೋ. ಕಲ್ಲು ಹೊರುವವಳು, ತಗೋ. ತನ್ನ ಅಣ್ಣನ ತಲೆ ಒಡೆದು ಬಂದವನು, ತಗೋ. ಅಂಚೆಯವನಿಗೆ ಗುಟ್ಟು ಗೊತ್ತಿತ್ತು. ಹದಿನಾಲ್ಕಕ್ಕೆ ಬಂದ ಕಾಗದವನ್ನೆಲ್ಲ ನೇರ ಭಟ್ಟಿಗೇ ತರುತ್ತಿದ್ದ.

ಎಂಥ ಜಾಣೆ ನಾನು!

ಫೆಬ್ರವರಿ 12, ಬುಧವಾರ

ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಈ ಜಾಗದಲ್ಲಿ ನಲ್ಲಿ ಮೌನವಾಗಿದ್ದದ್ದನ್ನು ನಾನು ಕಂಡೇ ಇಲ್ಲ. ಇಲ್ಲಿ ಯಜಮಾನನಿಲ್ಲ, ಪಂಚಾಯತಿಯಿಲ್ಲ. ನಲ್ಲಿಯ ಮುಂದೆ ಯಾರು ಹೆಚ್ಚು ಹೊತ್ತು ಕಿರುಚುತ್ತಾರೋ ಅವರ ಮಾತೇ ತೀರ್ಮಾನ. ಕಿರುಚಿದ್ದರೆ ನಾನೂ ನಾಲ್ಕು ಕಿರುಚುತ್ತಿದ್ದೆ. ಸುಮ್ಮನಿದ್ದವರ ಜೊತೆ ಹೇಗೆ ಜಗಳ ಆಡುವುದು?

ಮೇಸ್ತ್ರಿ ಕೋಲು ಊರಿಕೊಂಡು ಮನೆಗೇ ಬಂದ. ಕೂರಲಿಲ್ಲ.

"ಯಾರ ಮನೆಯಮ್ಮ ಅದು, ಹದಿನಾಲ್ಕು?"

ಹೇಳಿದೆ.

"ಅಂದ್ರೆ, ನಿಮ್ಮಪ್ಪನ ಮೇಲಿನ ಸಿಟ್ಟಿಗೆ ನಮ್ಮನ್ನೆಲ್ಲ ಕಲ್ಲು ಮಾಡ್ಕೊಂಡು ಬೀಸಿದೆ ಅನ್ನು."

"ಅದ್ರಿಂದಾನೇ ನಿನ್ನ ಮಗಳು ಶಾಲೆಗೆ ಸೇರಿದ್ದು" ಎಂದೆ.

"ಸೇರಿದ್ಲು. ಈಗ ಎಲ್ಲಿಗೆ ಹೋಗ್ಲಿ, ನಿಮ್ಮಪ್ಪನ ಮನೆಗಾ?"

ಹೋದ. ಮಗ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನಿಗೆ ಇದೆಲ್ಲ ಫೋನಿನಲ್ಲಿ ತಿಳಿದಿದೆ. 'ಅಮ್ಮ, ನೀನು ಸುಮ್ನಿರು' ಎಂದ. ಸುಮ್ಮನೇ ಇದ್ದೇನಲ್ಲ.

ಸೊಸೆ ಮಾತ್ರ ಸುಮ್ಮನಿರಲಿಲ್ಲ. ಅವಳು ಇಲ್ಲಿಯೇ ಹುಟ್ಟಿದವಳು, ಕಲ್ಲು ಹೊರುತ್ತಿದ್ದವಳ ಮಗಳು. ಮದುವೆಯಾದಾಗ 'ದೊಡ್ಡೂರಿನ ಮೊಮ್ಮಗನಿಗೆ ಭಟ್ಟಿಯ ಹೆಣ್ಣಾ' ಎಂದು ನಾನು ಮೂಗು ಮುರಿದಿದ್ದೆ, ಅವಳು ಮರೆತಿಲ್ಲ. ಮಷಿನ್ ತುಳಿಯುತ್ತಲೇ ಹೇಳಿದಳು.

"ಅತ್ತೆ, ನನ್ನ ಅಮ್ಮ ನನ್ನನ್ನ ಹೆತ್ತಿದ್ದು ಆ ಭಟ್ಟಿ ಗೋಡೆ ಪಕ್ಕ, ಹೊರೆ ಇಳಿಸಿ. ಕಾಗದ ನೋಡಿದ್ರೆ ನಾನು ಕಣ್ಣಲ್ಲೇ ನೋಡದ ಮನೇಲಿ ಹುಟ್ಟಿದೀನಿ. ಅಮ್ಮ ಸತ್ತಿದ್ದೂ ಅಲ್ಲೇ. ನೀವು ಬರೆಯುವಾಗ ಒಬ್ಬರಾದ್ರೂ ಕೇಳಿದ್ರಾ, ಏನು ಬರೀತಿದೀರಿ ಅಂತ?"

"ಓದೋಕೆ ಬಂದಿದ್ರೆ ಕೇಳ್ತಿದ್ರು."

"ಅದಕ್ಕಲ್ಲ. ನಿಮ್ಮನ್ನ ನಂಬಿದ್ರು."

ಎದ್ದು ಒಳಗೆ ಹೋದೆ. ಮಾತ್ರೆ ತಿಂದೆನೋ ಇಲ್ಲವೋ ನೆನಪಿಲ್ಲ.

ಫೆಬ್ರವರಿ 15, ಶನಿವಾರ

ಗುಮಾಸ್ತ ಇವತ್ತು ತಾನಾಗಿ ಬಂದ. ನಾನು ಅವನನ್ನು ಬೈದದ್ದು ಹೆಚ್ಚಾಯಿತು ಅನ್ನಿಸುತ್ತದೆ. ಕೆಟ್ಟವನಲ್ಲ. ಸಂಬಳಕ್ಕೆ ಇಷ್ಟು ಮಾಡಬೇಕಾಗಿಲ್ಲ ಅವನು.

"ಒಂದು ದಾರಿ ಇದೆ ಅಜ್ಜಿ. ಹದಿನಾಲ್ಕನೇ ನಂಬರಿನ ಯಜಮಾನರು ಬರ್ದು ಕೊಡ್ಬೇಕು. ಈ ನೂರ ನಲವತ್ತಾರು ಜನ ತಮ್ಮ ಮನೇಲಿ ಯಾವತ್ತೂ ಇರ್ಲಿಲ್ಲ ಅಂತ. ಅವರು ಅಲ್ಲಿರ್ಲಿಲ್ಲ ಅಂದ್ರೆ ಇಲ್ಲೇ ಇದ್ರು ಅಂತ ನಾನು ಬರೀಬಹುದು. ವಿಳಾಸ ತಪ್ಪಾಗಿ ನಮೂದಾಗಿದೆ ಅಂತ ಷರಾ ಹಾಕ್ತೀನಿ."

"ಯಜಮಾನ ಈಗ ನನ್ನ ಅಣ್ಣ" ಎಂದೆ.

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಮತ್ತೆ ತೆಗೆದ. "ಅಲ್ಲೇ ಒಂದು ತೊಡಕು. ಹದಿನಾಲ್ಕನೇ ನಂಬರಿನ ಹೆಸರುಗಳಲ್ಲಿ ಮೊದಲನೇದು ನಿಮ್ಮದು. ಒಬ್ಬರು ಸಂಬಂಧಿಕರು ಅಂತ ಉಳಿದ್ರೂ, ಮಿಕ್ಕವರೆಲ್ಲ ಅವರ ಜೊತೆ ಅಲ್ಲೇ ಬಾಡಿಗೆಗಿದ್ರು ಅಂತ ಕಾರ್ಖಾನೆ ವಕೀಲರು ಹೇಳ್ತಾರೆ. ಅದಕ್ಕೆ ಯಾರೂ ಸಂಬಂಧಿಕರಲ್ಲ ಅಂತಲೂ ಬರೀಬೇಕು. ನಿಮ್ಮನ್ನೂ ಸೇರಿಸಿ."

ಸೊಸೆ ಮಷಿನ್ ನಿಲ್ಲಿಸಿದಳು.

"ಅಷ್ಟೇ ತಾನೇ" ಎಂದೆ. "ಐವತ್ತೊಂದು ವರ್ಷದಿಂದ ಬಾಯಲ್ಲಿ ಅಂತಿರೋದನ್ನ ಕಾಗದದಲ್ಲಿ ಅಂದುಬಿಡ್ಲಿ."

ಫೆಬ್ರವರಿ 17, ಸೋಮವಾರ

ಹೋಗಲಿಲ್ಲ. ಮಂಡಿ ನೋವು.

ಫೆಬ್ರವರಿ 18, ಮಂಗಳವಾರ

ಬಸ್ ನಿಲ್ಲಲಿಲ್ಲ. ನಾನು ಕೈ ಅಡ್ಡ ಹಾಕಲಿಲ್ಲ ಎಂದು ಸೊಸೆ ಹೇಳುತ್ತಾಳೆ.

ಫೆಬ್ರವರಿ 20, ಗುರುವಾರ

ಹೋದೆ. ಸೊಸೆ ಹೊಸದಾಗಿ ಹೊಲಿದ ರವಿಕೆ ಕೊಟ್ಟಳು. "ಯಾರ ಮುಂದೆ ಮೆರೀಬೇಕು?" ಎಂದೆ. "ಹರಿದಿದ್ದು ಹಾಕ್ಕೊಂಡು ಹೋದ್ರೆ ನಮ್ಮ ಮಾನ ಹೋಗತ್ತೆ, ನಿಮ್ಮದಲ್ಲ" ಎಂದಳು. ಹಾಕಿಕೊಂಡೆ.

ಪೇಟೆ ಬೀದಿಯಲ್ಲಿ ಮನೆ ಹುಡುಕಬೇಕಾಯಿತು. ಇಡೀ ಭಟ್ಟಿಗೆ ಈ ವಿಳಾಸ ಬರೆದುಕೊಟ್ಟವಳು, ಬಾಗಿಲ ಮುಂದೆ ನಿಂತು ಇದೋ ಅದೋ ಎಂದು ತಡವರಿಸಿದೆ. ಗೋಡೆಗೆ ಈಗ ಡಬ್ಬಿಯ ಬಣ್ಣ ಬಳಿದಿದ್ದಾರೆ, ಬಾಗಿಲಿಗೆ ನೀಲಿ. ಅತ್ತಿಗೆ ತೆಗೆದಳು.

"ಯಾರು ಬೇಕಿತ್ತು?" ಎಂದವಳು ಮುಖ ನೋಡಿದಳು. "ಓ, ನೀನಾ! ಚಪ್ಪಲಿ ಅಲ್ಲೇ ಬಿಡು."

ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಎರಡು ಕಣ್ಣಿಗೂ ಪೊರೆ ಮುಚ್ಚಿದೆ. ಕಿವಿ ಮಾತ್ರ ನೆಟ್ಟಗಿದೆ.

"ಯಾರೇ ಅದು?"

"ನಿಮ್ಮ ಭಟ್ಟಿ ತಂಗಿ" ಎಂದಳು ಅತ್ತಿಗೆ.

ಅವನು ಕಿವಿಯನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ಹೇಳಿದ: "ಒಬ್ಳೇ ಬಂದ್ಯಾ, ಉಳಿದ ನೂರ ನಲವತ್ತೈದು ಜನಾನೂ ಕರ್ಕೊಂಡು ಬಂದ್ಯಾ?"

ನನ್ನ ಬಾಯಿ ಕಟ್ಟಿಹೋಯಿತು. ನನ್ನ ಬಾಯಿ!

"ನಿನಗೆ ಗೊತ್ತಿತ್ತಾ?"

"ಅಪ್ಪ ಹೋದ ವರ್ಷ ವೋಟಿನ ಪಟ್ಟಿ ನೋಡ್ದೆ. ಆಗ ಕಣ್ಣು ಕಾಣ್ತಿತ್ತು. ಪೇಟೆ ಬೀದಿ ಹದಿನಾಲ್ಕು, ಮೂರು ಪುಟ. ಕೂತು ಓದಿದೆ. ಯಾರ್ಯಾರನ್ನೋ ತಂದು ತುಂಬಿದೀಯ. ಈಗಿನ ಲೆಕ್ಕ ಮಗ ಎಣಿಸಿ ಹೇಳ್ತಾನೆ."

"ಮತ್ತೆ ಯಾಕೆ ಸುಮ್ನಿದ್ದೆ? ಹೋಗಿ ಹೊಡೆದುಹಾಕ್ಸಬಹುದಿತ್ತು."

"ಹೊಡೆದುಹಾಕ್ಸೋಕೆ ಅಂತಾನೇ ಹೋಗಿದ್ದೆ. ಆಫೀಸಿನವನು ಪಟ್ಟಿ ತೆಗೆದ. ಮೊದಲನೇ ಹೆಸರು ನಿಂದು." ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. "ಒಂದು ಹೊಡೆದ್ರೆ ಎಲ್ಲಾ ಹೊಡೀಬೇಕು ಅಂದ. ಇರ್ಲಿ ಬಿಡಿ ಅಂತ ಬಂದೆ."

ಕಾಗದ ತೆಗೆದೆ. ಗುಮಾಸ್ತ ಹೇಳಿದ್ದನ್ನು ಹೇಳಿದೆ. ಸಿಮೆಂಟ್ ಕಾರ್ಖಾನೆ, ಪಟ್ಟಿ, ಮೂವತ್ತೊಂದು ಮನೆ. ಅವನು ಕೇಳಿದ.

"ನೂರ ನಲವತ್ತೈದು ಜನ ಅಂತ ಬರಿ. ನಿನ್ನ ಹೆಸರು ಬಿಡು."

"ಬಿಡೋ ಹಾಗಿಲ್ಲ."

"ಬಿಡು ಅಂದ್ನಲ್ಲೇ! ಇದ್ದಿದ್ದು ಒಂದು ತಂಗಿ."

"ಆ ಒಂದಕ್ಕೆ ಐವತ್ತೊಂದು ವರ್ಷದಲ್ಲಿ ಒಂದು ಸಲ ನಾಲ್ಕು ಮೈಲಿ ನಡ್ಕೊಂಡು ಬರ್ಲಿಲ್ಲ ನೀನು" ಎಂದೆ. ಅನ್ನಬಾರದಿತ್ತು.

ಅತ್ತಿಗೆಯೇ ಬಾಯಿ ಹಾಕಿದಳು. "ಬರೀಲಿ ಬಿಡ್ರಿ. ಮನೆ ಮಾರೋಣ ಅಂದಾಗಲೆಲ್ಲ ಈ ಹೆಸರುಗಳು ಅಡ್ಡ ಬರ್ತವೆ ಅಂತ ಮಗ ತಲೆ ಚಚ್ಕೋತಾನೆ. ಅವಳಾಗಿ ಬಂದಿದಾಳೆ, ನಾವೇನು ಕರ್ದಿದ್ವಾ?"

ಅಣ್ಣನಿಗೆ ಬರೆಯಲು ಕಣ್ಣಿಲ್ಲ. ಅತ್ತಿಗೆಗೆ ಅಕ್ಷರವಿಲ್ಲ. ಬರೆಯಬೇಕಾದವಳು ನಾನೇ. ಅಪ್ಪನ ಹಳೆಯ ಬಟ್ಟೆ ಕತ್ತರಿಸುವ ಮೇಜು ನಡುಮನೆಯಲ್ಲಿ ಇನ್ನೂ ಇದೆ, ಅದರ ಮೇಲೆ ಕಾಗದ ಇಟ್ಟೆ. ಐವತ್ತು ವರ್ಷ ಅರ್ಜಿ ಬರೆದವಳು, ಇದೂ ಒಂದು ಅರ್ಜಿ ಎಂದುಕೊಂಡು ಬರೆದೆ. ಕೆಳಗೆ ಲಗತ್ತಿಸಿರುವ ನೂರ ನಲವತ್ತಾರು ಜನರಲ್ಲಿ ಯಾರೂ ನನ್ನ ಮನೆಯಲ್ಲಿ ಎಂದೂ ವಾಸವಿದ್ದಿಲ್ಲ. ಇವರಲ್ಲಿ ಯಾರೂ ನನಗೆ ಸಂಬಂಧಿಕರಲ್ಲ.

"ಓದು" ಎಂದ ಅಣ್ಣ.

ಓದಿದೆ.

"ಇನ್ನೊಂದ್ಸಲ ಓದು. ಕೊನೇದು ಕೇಳಿಸ್ಲಿಲ್ಲ."

ಗಟ್ಟಿಯಾಗಿ ಓದಿದೆ. ಬೀದಿಗೂ ಕೇಳಿಸಿರಬೇಕು.

ಸಹಿ ಹಾಕುವ ಜಾಗ ಅವನಿಗೆ ಕಾಣದು, ಹೆಬ್ಬೆಟ್ಟು ಒತ್ತಿಸಬೇಕಿತ್ತು. ಗುಮಾಸ್ತ ಶಾಯಿಯ ಡಬ್ಬಿ ಕೊಟ್ಟಿದ್ದ. ಅಣ್ಣನ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿದೆ. ಬೆರಳು ತಣ್ಣಗಿತ್ತು. ಬಿಟ್ಟೆ. ಅವನು ಬಿಡಲು ಸ್ವಲ್ಪ ತಡ ಮಾಡಿದ.

"ನೀರು ಕುಡೀತೀಯಾ?" ಎಂ​ದಳು ಅತ್ತಿಗೆ.

"ಬೇಡ" ಎಂದೆ. ಬಸ್ಸಿನಲ್ಲಿ ಗಂಟಲು ಒಣಗಿ ಕೆಮ್ಮು ಬಂತು, ಬರುವವರೆಗೂ ಕೆಮ್ಮಿದೆ.

ಫೆಬ್ರವರಿ 21, ಶುಕ್ರವಾರ

ಸೊಸೆ ಏನಾಯಿತೆಂದು ಕೇಳಲಿಲ್ಲ. ರವಿಕೆಯ ತೋಳಿಗೆ ಶಾಯಿ ತಾಗಿತ್ತು. ತಿಕ್ಕಿ ತೊಳೆದಳು. ಹೋಗಲಿಲ್ಲ.

ಫೆಬ್ರವರಿ 28, ಶುಕ್ರವಾರ

ಒಪ್ಪಿದರು! ಗುಮಾಸ್ತ ಫೋನು ಮಾಡಿದ. ಪಟ್ಟಿಯ ಕೊನೆಯ ಪುಟದಲ್ಲಿ ಕೊನೆಯ ಸಾಲು ನಮ್ಮದು. ಇನ್ನು ಕಾರ್ಖಾನೆಯವರು ಗುಡ್ಡವನ್ನು ಆಚೆಯ ಮಗ್ಗುಲಿನಿಂದ ಕೆರೆದುಕೊಳ್ಳಬೇಕು, ಇಲ್ಲಿಗೆ ಬರುವ ಹಾಗಿಲ್ಲ.

ಮೇಸ್ತ್ರಿ ಆ ಕಾಲಿನಲ್ಲೇ ಭಟ್ಟಿಯ ಅರ್ಧ ಮೆಟ್ಟಿಲು ಹತ್ತಿ, ಹಿಂದೆ ನನ್ನ ಗಂಡ ಹಾಕುತ್ತಿದ್ದ ಕೂಗು ಹಾಕಿದ. ಮೂವತ್ತು ವರ್ಷದ ಮೇಲೆ ಆ ಕೂಗು. ಎಲ್ಲ ಬಾಗಿಲಿನಿಂದಲೂ ಜನ ಓಡಿಬಂದರು. ಹಳಬರು ಕೆಲವರು ಬರಿಗೈಯಲ್ಲಿ ಬಂದು ಪೆಚ್ಚಾಗಿ ನಿಂತರು, ಸಲಿಕೆ ತರಬೇಕಿತ್ತೇನೋ ಅನ್ನುವ ಹಾಗೆ. ಇಳಿಯಲಾರದೆ ಅವನನ್ನು ನಾಲ್ಕು ಜನ ಹೊತ್ತು ಇಳಿಸಿದರು.

ನಲ್ಲಿಗೆ ಬಾಯಿ ಬಂದಿದೆ. "ಕೆಡಿಸಿದ್ದೂ ಅಜ್ಜಿ, ಸರಿ ಮಾಡಿದ್ದೂ ಅಜ್ಜಿ. ಲೆಕ್ಕ ಚುಕ್ತಾ. ಅದ್ರಲ್ಲೇನು ಹೆಚ್ಚುಗಾರಿಕೆ?" ಎಂದು ಒಬ್ಬಳು ನನಗೆ ಕೇಳಿಸುವ ಹಾಗೇ ಹೇಳಿದಳು. ನಮ್ಮ ಜನಕ್ಕೆ ಉಪಕಾರ ಅನ್ನುವ ಪದದ ಅರ್ಥ ಗೊತ್ತಿಲ್ಲ. ಕೊಡ ಇಟ್ಟು ಅವಳಿಗೆ ಅರ್ಧ ಗಂಟೆ ಉತ್ತರ ಕೊಟ್ಟೆ. ಎದೆ ಹಗುರಾಯಿತು.

ಮಾರ್ಚ್ 11, ಮಂಗಳವಾರ

ಇವತ್ತು ಮನೆಮನೆ ಬರೆದುಕೊಂಡರು. ಗುಮಾಸ್ತ ಹೊಸ ದೊಡ್ಡ ಪುಸ್ತಕ ತಂದಿದ್ದ, ಇನ್ನೂ ಅಂಟಿನ ವಾಸನೆ ಹೋಗಿರಲಿಲ್ಲ. ಮೊದಲು ನಮ್ಮ ಮನೆಗೇ ಬಂದ. ಮನೆ ನಂಬರು ಒಂದು. ಸೊಸೆಯದನ್ನು ಬರೆದುಕೊಂಡ. ಹುಟ್ಟಿದ ಸ್ಥಳ ಎಂದು ಅವನು ಕೇಳುವ ಮೊದಲೇ ಅವಳು, "ಇಲ್ಲೇ. ಆ ಗೋಡೆ ಪಕ್ಕ. ಗೋಡೆನೂ ಬರ್ಕೊಳ್ಳಿ" ಎಂದಳು. ಅವನು ಬರೆದದ್ದನ್ನು ಬಗ್ಗಿ ನೋಡಿದಳು. ಅಂಕಿ ಬಿಟ್ಟು ಬೇರೇನೂ ಓದಲು ಬಾರದಿದ್ದರೂ ತುಂಬಾ ಹೊತ್ತು ನೋಡಿದಳು.

ಆಮೇಲೆ ನನ್ನದು. ಗಂಡನ ಹೆಸರು, ವಯಸ್ಸು ಎಪ್ಪತ್ತೊಂದು.

"ಹುಟ್ಟಿದ ಸ್ಥಳ..." ಎಂದು ಪೆನ್ನು ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. "ಅಜ್ಜಿ, ದೊಡ್ಡೂರು ಅಂತ ಬರೆದ್ರೆ ಯಾವ ಮನೆ ಅಂತ ಕೇಳ್ತಾರೆ. ಮನೆ ಹೇಳಿದ್ರೆ ನಿಮ್ಮ ಅಣ್ಣನವರು ಕೊಟ್ಟ ಕಾಗದ ಸುಳ್ಳಾಗತ್ತೆ. ಅದು ಸುಳ್ಳಾದ್ರೆ..."

"ಗೊತ್ತಾಯ್ತು. ಇಲ್ಲೇ ಅಂತ ಬರ್ಕೋ."

"ಇಲ್ಲೇ ಅಂದ್ರೆ..."

"ಈ ಭಟ್ಟಿ ಹುಟ್ಟೋಕೆ ಹದಿನಾರು ವರ್ಷ ಮುಂಚೆ ಇದರೊಳಗೆ ಹುಟ್ಟಿದೀನಿ ನಾನು. ಬರ್ಕೋ. ಯಾರು ಕೂಡಿ ಕಳೆದು ನೋಡ್ತಾರೆ?"

ಬರೆದ. ಮುಂದಿನ ಚೌಕಕ್ಕೆ ಬಂದ. ಓದದೆ ಬೆರಳಿಟ್ಟು ತೋರಿಸಿದ. ತಂದೆಯ ಹೆಸರು.

ಹೇಳಲು ಬಾಯಿ ತೆರೆದೇಬಿಟ್ಟಿದ್ದೆ.

"ಆ ಹೆಸರು ಹಾಕಿದ್ರೆ ಕಂಪ್ಯೂಟರ್ ಮತ್ತೆ ಹದಿನಾಲ್ಕಕ್ಕೇ ಸೇರಿಸ್ಕೊಳ್ಳತ್ತೆ ಅಜ್ಜಿ" ಎಂದ ಮೆಲ್ಲಗೆ. "ಬೇರೆ ಯಾವುದಾದ್ರೂ ಹೇಳಿ. ಯಾರೂ ಕೇಳಲ್ಲ."

"ಇಷ್ಟು ವಯಸ್ಸಿಗೆ ಹೊಸ ಅಪ್ಪನ್ನ ಮಾಡ್ಕೋ ಅಂತೀಯಾ?"

"ಹಾಗಲ್ಲ..."

"ಖಾಲಿ ಬಿಡಿ ಸಾರ್" ಎಂದಳು ಸೊಸೆ.

"ಖಾಲಿ ಬಿಟ್ರೆ ಆಫೀಸಲ್ಲಿ ಯಾರಾದ್ರೂ ಏನಾದ್ರೂ ತುಂಬ್ತಾರಮ್ಮ."

"ಗೀಟು ಎಳಿ" ಎಂದೆ.

ಅವನು ಎಳೆಯಲು ಹೋದ. ಕೈ ಒಂದು ಬದಿಗೆ ಜಾರಿತು. ನಾನು ಬರೆದ ಐವತ್ತು ವರ್ಷದ ಕಾಗದದಲ್ಲಿ ಒಂದು ವಾರೆ ಗೀಟಿಲ್ಲ.

"ಸ್ಕೇಲ್ ಇಟ್ಟು ಎಳಿಯಪ್ಪ."

ಅವನ ಹತ್ತಿರ ಸ್ಕೇಲ್ ಇರಲಿಲ್ಲ. ಸೊಸೆ ಎದ್ದು, ಮಷಿನ್ ಮೇಲಿದ್ದ ತನ್ನ ಅಳತೆಯ ಸ್ಕೇಲನ್ನು ತಂದಳು. ಅವನ ಕೈಗೆ ಕೊಡಲಿಲ್ಲ. ಚೌಕದ ಮೇಲೆ ತಾನೇ ಅದನ್ನು ಒತ್ತಿ ಹಿಡಿದುಕೊಂಡಳು, ಜಾರದ ಹಾಗೆ.

ಅವನು ಎಳೆದ.